ಎಳೆ ಎಷ್ಟು ಗಟ್ಟಿ?

2003ರ ಜೂನ್ ತಿಂಗಳು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫಾರೆಸ್ಟ್ ಹಿಲ್ಸ್ ಎಂಬ ಸಣ್ಣ ಊರಿನಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಮೇಲೆ ಗುಂಡು ಹಾರಿತು. ಅವರು ಬುಲೆಟ್ ಪ್ರೂಫ್ ಜಾಕೆಟ್ ತೊಟ್ಟಿದ್ದರು. ಅದು ಸರಕಾರಿ ಮಾನದಂಡದ ಪ್ರಕಾರ ಪರೀಕ್ಷೆಯಾಗಿ ತೇರ್ಗಡೆ ಹೊಂದಿದ್ದ ಮಾದರಿ. ಆ ಬಗೆಯ ಗುಂಡನ್ನು ತಡೆಯುತ್ತದೆ ಎಂದು ಪ್ರಮಾಣಪತ್ರವೂ ಇತ್ತು. ಆದರೂ ಗುಂಡು ಜಾಕೆಟ್ಟನ್ನು ತೂರಿಕೊಂಡು ಒಳಹೊಕ್ಕಿತು. ಅಧಿಕಾರಿ ತೀವ್ರವಾಗಿ ಗಾಯಗೊಂಡರು.

ಆ ಜಾಕೆಟ್ಟಿನಲ್ಲಿದ್ದ ಎಳೆಯ ಹೆಸರು ಝೈಲಾನ್. ಜಪಾನಿನ ಟೊಯೊಬೊ ಕಂಪನಿ ತಯಾರಿಸುತ್ತಿದ್ದ ಈ ಎಳೆ ಕೆವ್ಲಾರ್‌ಗಿಂತ ಸುಮಾರು ಒಂದೂವರೆ ಪಟ್ಟು ಗಟ್ಟಿ. ಈ ಅಂಕಿ ಸುಳ್ಳಾಗಿರಲಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ? ಉತ್ತರ ಸಿಗಬೇಕಾದರೆ, ‘ಎಳೆ ಎಷ್ಟು ಗಟ್ಟಿ?’ ಎಂಬ ಪ್ರಶ್ನೆಗೇ ಇರುವ ದೀರ್ಘ ಚರಿತ್ರೆಯನ್ನು ನಾವು ಸ್ವಲ್ಪ ತಿರುವಿ ನೋಡಬೇಕು.

ಸುಮಾರು ಐನೂರು ವರ್ಷಗಳ ಹಿಂದೆ ಇಟಲಿಯ ಲಿಯೊನಾರ್ಡೊ ದ ವಿಂಚಿ ಕಬ್ಬಿಣದ ತಂತಿಯನ್ನು ಪರೀಕ್ಷಿಸುವ ಒಂದು ವಿಧಾನವನ್ನು ತನ್ನ ಟಿಪ್ಪಣಿಯಲ್ಲಿ ಚಿತ್ರ ಸಮೇತ ಬರೆದಿಟ್ಟ. ತಂತಿಯ ತುದಿಗೆ ಒಂದು ಬುಟ್ಟಿ ಕಟ್ಟಬೇಕು. ಮೇಲಿನ ಪಾತ್ರೆಯ ಸಣ್ಣ ತೂತಿನಿಂದ ಬುಟ್ಟಿಗೆ ಮರಳು ಸುರಿಯುತ್ತಿರಬೇಕು. ತಂತಿ ತುಂಡಾದ ಕೂಡಲೇ ತೂತು ಮುಚ್ಚಿಕೊಳ್ಳಬೇಕು. ಆಗ ಬುಟ್ಟಿಯಲ್ಲಿರುವ ಮರಳನ್ನು ತೂಗಿದರೆ ತಂತಿಯ ತಾಕತ್ತು ತಿಳಿಯುತ್ತದೆ. ಇದೇ ಪರೀಕ್ಷೆಯನ್ನು ಬೇರೆ ಬೇರೆ ಉದ್ದದ ತಂತಿಗಳ ಮೇಲೆ ಮಾಡಬೇಕೆಂದೂ ಆತ ಹೇಳಿದ.

ದಪ್ಪ ಒಂದೇ ಆಗಿದ್ದರೆ ಉದ್ದದಿಂದ ಏನು ವ್ಯತ್ಯಾಸ ಎಂದು ನಮಗೆ ಅನ್ನಿಸಬಹುದು. ವ್ಯತ್ಯಾಸವಿದೆ. ಸರಪಳಿ ಎಷ್ಟು ಉದ್ದವಿದ್ದರೂ ಅದರ ಬಲ ಅತಿ ದುರ್ಬಲ ಕೊಂಡಿಯಷ್ಟೇ. ಕೊಂಡಿಗಳು ಹೆಚ್ಚಾದಷ್ಟೂ ಅವುಗಳಲ್ಲಿ ಒಂದು ತೀರಾ ಕೆಟ್ಟದ್ದು ಸೇರಿಕೊಂಡಿರುವ ಸಂಭವ ಹೆಚ್ಚು. ನೂಲೂ ಹೀಗೆಯೇ. ಇಂಗ್ಲೆಂಡಿನ ಹತ್ತಿ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿದ್ದ ಎಫ್.ಟಿ. ಪಿಯರ್ಸ್ 1926ರಲ್ಲಿ ಹತ್ತಿ ನೂಲಿನ ವಿಷಯದಲ್ಲಿ ಈ ಮಾತನ್ನು ಗಣಿತದ ಮೂಲಕ ತೋರಿಸಿದರು.

ಅದಕ್ಕೂ ಕೆಲವು ವರ್ಷ ಮೊದಲು, ಅದೇ ದೇಶದ ಎ.ಎ. ಗ್ರಿಫಿತ್ ಗಾಜಿನ ಎಳೆಗಳನ್ನು ಎಳೆದು ನೋಡಿದ್ದರು. ಸುಮಾರು ಒಂದು ಮಿಲಿಮೀಟರ್ ದಪ್ಪದ ಗಾಜಿನ ಕಡ್ಡಿಗೆ ಹೋಲಿಸಿದರೆ, ಮೂರು ಮೈಕ್ರಾನ್ ಚಿಲ್ಲರೆ ದಪ್ಪದ ಎಳೆ, ಅಳತೆಗೆ ಅಳತೆ ಇಟ್ಟಾಗ, ಸುಮಾರು ಇಪ್ಪತ್ತು ಪಟ್ಟು ಗಟ್ಟಿಯಾಗಿತ್ತು! ವಸ್ತುವಿನಲ್ಲಿ ಅಡಗಿರುವ ಕಣ್ಣಿಗೆ ಕಾಣದ ಬಿರುಕುಗಳೇ ಅದರ ಬಲವನ್ನು ನಿರ್ಧರಿಸುತ್ತವೆ ಎಂದು 1921ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳಿತು.

ಇದರ ಅರ್ಥವಿಷ್ಟೆ. ಒಂದು ಎಳೆಗೆ ‘ಇಷ್ಟೇ ಬಲ’ ಎಂಬ ಒಂದೇ ಸಂಖ್ಯೆ ಇಲ್ಲ. ಒಬ್ಬರು ಹತ್ತು ಮಿಲಿಮೀಟರ್ ತುಂಡನ್ನು ಎಳೆದು ಒಂದು ಅಂಕಿ ಹೇಳುತ್ತಾರೆ. ಇನ್ನೊಬ್ಬರು ನೂರು ಮಿಲಿಮೀಟರ್ ತುಂಡನ್ನು ಎಳೆದು ಅದಕ್ಕಿಂತ ಕಡಿಮೆ ಅಂಕಿ ಹೇಳುತ್ತಾರೆ. ಇಬ್ಬರೂ ಸುಳ್ಳರಲ್ಲ. ಆದರೆ ಇಬ್ಬರೂ ಕೂತು ಒಂದು ಅಳತೆಗೆ ಒಪ್ಪಿಕೊಳ್ಳದಿದ್ದರೆ ಅವರ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಂತಿಲ್ಲ.

1960ರ ದಶಕದಲ್ಲಿ ಹೊಸ ಬಗೆಯ ಎಳೆಗಳು ಬಂದಾಗ ಈ ಸಮಸ್ಯೆ ಹಿರಿದಾಯಿತು. 1965ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ರಸಾಯನ ವಿಜ್ಞಾನಿಗೆ ಮಜ್ಜಿಗೆಯಂತೆ ತೆಳ್ಳಗೆ, ಮಬ್ಬಾಗಿದ್ದ ಒಂದು ದ್ರಾವಣ ದೊರೆಯಿತು. ರಂಧ್ರಗಳು ಕಟ್ಟಿಕೊಳ್ಳುತ್ತವೆ ಎಂದು ನೂಲು ತೆಗೆಯುವ ಯಂತ್ರದ ಹೊಣೆ ಹೊತ್ತವರು ಮೊದಲು ಒಪ್ಪಲಿಲ್ಲ. ಕೊನೆಗೆ ಒಪ್ಪಿ ನೂಲು ತೆಗೆದಾಗ ಪರೀಕ್ಷೆಯ ಫಲಿತಾಂಶ ಎಷ್ಟು ಹೆಚ್ಚಾಗಿತ್ತೆಂದರೆ, ಕ್ವೋಲೆಕ್ ಅದನ್ನು ನಂಬಲಿಲ್ಲ. ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ, ಖಾತ್ರಿಯಾದ ಮೇಲಷ್ಟೇ ಬೇರೆಯವರಿಗೆ ತಿಳಿಸಿದರು. ಅದೇ ಕೆವ್ಲಾರ್‌ಗೆ ದಾರಿಮಾಡಿದ ಎಳೆ. ಒಳ್ಳೆಯ ಸುದ್ದಿಯನ್ನೂ ಅನುಮಾನಿಸಿ ನೋಡಿದ ಆ ಸಂಯಮ ದೊಡ್ಡದು.

ಆದರೆ ಒಬ್ಬ ವಿಜ್ಞಾನಿಯ ಸಂಯಮವನ್ನು ನಂಬಿ ಜಗತ್ತಿನ ವ್ಯಾಪಾರ ನಡೆಯುವುದಿಲ್ಲ. ಅದಕ್ಕೆ ಎಲ್ಲರೂ ಒಪ್ಪಿದ ವಿಧಾನ ಬೇಕು. ರೈಲು ಹಳಿಯ ಉಕ್ಕಿನ ಗುಣಮಟ್ಟದ ತಕರಾರುಗಳ ಕಾಲದಲ್ಲಿ, 1898ರಲ್ಲಿ, ಹುಟ್ಟಿದ ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆ 1975ರಲ್ಲಿ ಒಂಟಿ ಎಳೆಯ ಪರೀಕ್ಷೆಗೆ ಡಿ 3379 ಎಂಬ ಮಾನದಂಡವನ್ನು ಹೊರತಂದಿತು. ಕಾರ್ಬನ್ ಎಳೆಯ ದಪ್ಪ ಸುಮಾರು ಏಳು ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ತೆಳು. ಅದನ್ನು ಇಕ್ಕಳದಲ್ಲಿ ನೇರವಾಗಿ ಹಿಡಿದರೆ ಹಿಡಿದಲ್ಲೇ ಮುರಿಯುತ್ತದೆ. ಆದ್ದರಿಂದ ನಡುವೆ ಕಿಂಡಿ ಕತ್ತರಿಸಿದ ಒಂದು ಕಾಗದದ ಚೌಕಟ್ಟಿಗೆ ಎಳೆಯನ್ನು ಅಂಟಿಸಬೇಕು. ಚೌಕಟ್ಟನ್ನು ಯಂತ್ರಕ್ಕೆ ಸಿಕ್ಕಿಸಿದ ಮೇಲೆ ಕಾಗದದ ಎರಡೂ ಬದಿಗಳನ್ನು ಕತ್ತರಿಸಿ ಎಳೆಯನ್ನು ಬಿಡಿಸಬೇಕು. ಆಮೇಲೆ ನಿಧಾನವಾಗಿ ಎಳೆಯಬೇಕು. ಇಂಥ ಪರೀಕ್ಷೆ ಒಂದೆರಡಲ್ಲ, ಹತ್ತಾರು ಬಾರಿ ನಡೆಯಬೇಕು. ಏಕೆಂದರೆ ಪ್ರತಿ ಎಳೆಯ ಹಣೆಬರಹವೂ ಬೇರೆ.

ಈ ಮಾನದಂಡವೂ ಕೊನೆಯ ಮಾತಾಗಲಿಲ್ಲ. ಕಾರ್ಬನ್ ಎಳೆಗಾಗಿ 1996ರಲ್ಲಿ ಅಂತಾರಾಷ್ಟ್ರೀಯ ಮಾನದಂಡವೊಂದು ಬಂತು. ಹಳೆಯ ಡಿ 3379ನ್ನು 1998ರಲ್ಲಿ ಹಿಂತೆಗೆದುಕೊಂಡರು. 2003ರಲ್ಲಿ ಸಿ 1557 ಎಂಬ ಹೊಸ ವಿಧಾನ ಬಂತು. ಹಿಂದಿನಂತೆ ಹಲವು ಎಳೆಗಳ ಸರಾಸರಿ ದಪ್ಪವನ್ನು ಹಿಡಿಯುವ ಬದಲು, ಮುರಿದ ಎಳೆಯ ದಪ್ಪವನ್ನೇ ಅಳೆಯಬೇಕು ಎಂದು ಅದು ಹೇಳಿತು.

ಈಗ ಫಾರೆಸ್ಟ್ ಹಿಲ್ಸ್‌ಗೆ ಮರಳೋಣ. ಅಮೆರಿಕದ ತನಿಖಾಧಿಕಾರಿಗಳು ಆ ಜಾಕೆಟ್ಟಿನಿಂದ ನೂಲುಗಳನ್ನು ಬಿಡಿಸಿ ಎಳೆದು ನೋಡಿದರು. ಹೊಸ ಜಾಕೆಟ್ಟಿನ ನೂಲಿಗಿಂತ ಅವುಗಳ ಬಲ ಶೇ. 30ರವರೆಗೆ ಕುಗ್ಗಿತ್ತು. ತೇವಾಂಶವಿದ್ದಲ್ಲಿ ಝೈಲಾನ್ ಒಳಗಿಂದೊಳಗೇ ಸವೆಯುತ್ತಿತ್ತು. ಮೈಯ ಬೆವರಿಗೆ ಅಂಟಿಕೊಂಡೇ ಇರುವ ಉಡುಪಿಗೆ ಇದಕ್ಕಿಂತ ದೊಡ್ಡ ದೋಷ ಇನ್ನೇನಿದೆ? ಬಳಸಿದ 103 ಝೈಲಾನ್ ಜಾಕೆಟ್‌ಗಳನ್ನು ತಂದು ಗುಂಡು ಹಾರಿಸಿದಾಗ 60 ಜಾಕೆಟ್‌ಗಳು ಸೋತವು. 2005ರ ಆಗಸ್ಟ್‌ನಲ್ಲಿ ಈ ವರದಿ ಹೊರಬಂತು. ಝೈಲಾನ್ ಜಾಕೆಟ್‌ಗಳ ಮಾನ್ಯತೆ ರದ್ದಾಯಿತು. 2018ರಲ್ಲಿ ಟೊಯೊಬೊ 6 ಕೋಟಿ 60 ಲಕ್ಷ ಡಾಲರ್ ಕೊಟ್ಟು ಅಮೆರಿಕ ಸರಕಾರದೊಂದಿಗಿನ ಮೊಕದ್ದಮೆಯನ್ನು ಇತ್ಯರ್ಥ ಮಾಡಿಕೊಂಡಿತು. ಹೊಣೆ ಯಾರದೆಂಬುದನ್ನು ನ್ಯಾಯಾಲಯ ತೀರ್ಮಾನಿಸಲಿಲ್ಲ.

ಇಲ್ಲಿ ಪರೀಕ್ಷೆಯಲ್ಲಿ ಯಾರೂ ಮೋಸ ಮಾಡಿರಬೇಕೆಂದೇನೂ ಇಲ್ಲ. ಹಿಂದಿನ ನಿಯಮ ಹೊಸ ಜಾಕೆಟ್ಟಿಗೆ ಗುಂಡು ಹೊಡೆದು ನೋಡುತ್ತಿತ್ತು. ಒಣಗಿದ್ದಾಗಲೂ, ನೀರು ಸಿಂಪಡಿಸಿದಾಗಲೂ ನೋಡುತ್ತಿತ್ತು. ಆದರೆ ಒಬ್ಬ ಮನುಷ್ಯ ದಿನವೂ ತೊಟ್ಟು, ಬೆವತು, ಬಾಗಿ, ಎದ್ದು, ವರ್ಷಗಟ್ಟಲೆ ಬಳಸಿದ ಜಾಕೆಟ್ಟಿನ ಗತಿಯೇನು ಎಂದು ಅದು ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿಗುವುದಾದರೂ ಹೇಗೆ? 2008ರ ಹೊಸ ನಿಯಮ ಆ ಪ್ರಶ್ನೆಯನ್ನು ಸೇರಿಸಿತು. 65 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಶೇ. 80ರ ತೇವದಲ್ಲಿ, ಹತ್ತು ದಿನ ಸುಮಾರು 72,000 ಸುತ್ತು ಉರುಳಿಸಿದ ಮೇಲೆ ಜಾಕೆಟ್ಟಿಗೆ ಗುಂಡು ಹೊಡೆಯಬೇಕೆಂದು ಹೇಳಿತು. ಭಾರತದಲ್ಲಿಯೂ 2018ರಲ್ಲಿ ಭಾರತೀಯ ಮಾನಕ ಬ್ಯೂರೋ ಬುಲೆಟ್ ಪ್ರೂಫ್ ಜಾಕೆಟ್‌ಗಳಿಗೆ ತನ್ನದೇ ಮಾನದಂಡವನ್ನು ತಂದಿತು.

ಲಿಯೊನಾರ್ಡೊನ ಮರಳಿನ ಬುಟ್ಟಿಯಿಂದ ಇಂದಿನ ಯಂತ್ರಗಳವರೆಗೆ ಜನ ಕೇಳಿದ್ದು ಒಂದೇ ಪ್ರಶ್ನೆ. ಉದ್ದ ಎಷ್ಟು, ದಪ್ಪ ಎಷ್ಟು, ಹಿಡಿದದ್ದು ಹೇಗೆ ಎಂಬ ಷರತ್ತುಗಳು ಒಂದೊಂದಾಗಿ ಅದಕ್ಕೆ ಸೇರಿಕೊಂಡವು. ‘ಎಷ್ಟು ದಿನ ತೊಟ್ಟದ್ದು?’ ಎಂಬ ಷರತ್ತು ಮಾತ್ರ ಸೇರಲು ತಡವಾಯಿತು. ಅಷ್ಟರಲ್ಲಿ ಪ್ರಮಾಣಪತ್ರವನ್ನು ನಂಬಿ ಜಾಕೆಟ್ ತೊಟ್ಟವರು ಅದರ ಬೆಲೆ ತೆತ್ತಿದ್ದರು.