ಜಾಲತಾಣ ವೇಗಪರೀಕ್ಷೆಯ ಇತಿಹಾಸ

ವೆಬ್ ಪುಟವೊಂದು ಪರದೆಯ ಮೇಲೆ ಮೂಡಲು ಮತ್ತು ಬಳಕೆದಾರನಿಗೆ ಸ್ಪಂದಿಸಲು ಎಷ್ಟು ಸಮಯ ಹಿಡಿಯುತ್ತದೆ ಎಂಬುದನ್ನು ನಿಗದಿತ ಕಂಪ್ಯೂಟರ್, ಬ್ರೌಸರ್ ಹಾಗೂ ಸಂಪರ್ಕವೇಗದಲ್ಲಿ ಅಳೆದು ದಾಖಲಿಸುವ ಕ್ರಮಕ್ಕೆ ಜಾಲತಾಣ ವೇಗಪರೀಕ್ಷೆ ಎನ್ನುತ್ತಾರೆ. ಇಲ್ಲಿ ಅಳೆಯುವ ಸಾಧನವೂ ಅಳೆಯಬೇಕಾದ ವಸ್ತುವೂ ಬೇರೆಬೇರೆಯಲ್ಲ. ಪುಟವನ್ನು ಕಟ್ಟುವ ಬ್ರೌಸರೇ ಅದರ ಸಮಯವನ್ನೂ ಬರೆದಿಡುತ್ತದೆ. ಎರಡೂ ಕೆಲಸ ಒಂದೇ ಪ್ರೊಸೆಸರಿನ ಮೇಲೆ ನಡೆಯುತ್ತವೆ. ಹೀಗಾಗಿ ಈ ಕ್ಷೇತ್ರದ ಇತಿಹಾಸ ಬಹುಮಟ್ಟಿಗೆ ಅಳೆಯುವ ಯಂತ್ರವನ್ನು ಸ್ಥಿಮಿತಕ್ಕೆ ತರುವ ಪ್ರಯತ್ನಗಳ ಇತಿಹಾಸವಾಗಿದೆ.

ಹಿನ್ನೆಲೆ

ಕಂಪ್ಯೂಟರ್ ಎಷ್ಟು ಬೇಗ ಉತ್ತರಿಸಬೇಕೆಂಬ ಪ್ರಶ್ನೆ ವೆಬ್‌ಗಿಂತ ಹಳೆಯದು. ಅಮೆರಿಕದ ರಾಬರ್ಟ್ ಬಿ. ಮಿಲ್ಲರ್ 1968ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದಿದ್ದರು. 1993ರಲ್ಲಿ ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಮೂರು ಮಿತಿಗಳನ್ನು ಜನಪ್ರಿಯಗೊಳಿಸಿದರು: 0.1 ಸೆಕೆಂಡಿನೊಳಗೆ ಬಂದ ಉತ್ತರ ತಕ್ಷಣವೇ ಬಂದಂತೆ ತೋರುತ್ತದೆ, 1 ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ, 10 ಸೆಕೆಂಡ್ ದಾಟಿದರೆ ಗಮನ ಬೇರೆಡೆ ಹೋಗುತ್ತದೆ. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಕೀನೋಟ್ ಸಿಸ್ಟಮ್ಸ್ ಜಾಲತಾಣಗಳ ವೇಗವನ್ನು ಹೊರಗಿನಿಂದ ಅಳೆದುಕೊಡುವುದನ್ನೇ ಉದ್ಯಮವಾಗಿಸಿತು. ಆಗಿನ ಗಮನ ಬಹುತೇಕ ಸರ್ವರ್ ಮತ್ತು ಸಂಪರ್ಕದ ಮೇಲಿತ್ತು.

ಬ್ರೌಸರಿನತ್ತ ಹೊರಳಿದ ಗಮನ

2006ರ ಜನವರಿಯಲ್ಲಿ ಜೋ ಹೆವಿಟ್ ಫೈರ್‌ಫಾಕ್ಸ್‌ಗಾಗಿ ಫೈರ್‌ಬಗ್ ಎಂಬ ಎಕ್ಸ್‌ಟೆನ್ಷನ್ ಹೊರತಂದರು. ಪುಟ ತರಿಸಿಕೊಳ್ಳುವ ಚಿತ್ರ, ಸ್ಕ್ರಿಪ್ಟ್, ಶೈಲಿ ಕಡತಗಳಲ್ಲಿ ಯಾವುದು ಯಾವಾಗ ಹೊರಟು ಯಾವಾಗ ಬಂತು ಎಂಬುದನ್ನು ಅದು ಪಟ್ಟಿಗಳ ಸಾಲಾಗಿ ತೋರಿಸಿತು. ಯಾಹೂ ಸಂಸ್ಥೆಯ ಸ್ಟೀವ್ ಸೌಡರ್ಸ್ 2007ರಲ್ಲಿ ಪ್ರಕಟಿಸಿದ ‘ಹೈ ಪರ್ಫಾರ್ಮೆನ್ಸ್ ವೆಬ್ ಸೈಟ್ಸ್’ ಪುಸ್ತಕದಲ್ಲಿ, ಬಳಕೆದಾರ ಕಾಯುವ ಸಮಯದ ಶೇ. 80ರಿಂದ 90ರಷ್ಟು ಭಾಗ ಮೂಲ ಪುಟ ಬಂದ ಮೇಲೆ ಬ್ರೌಸರಿನ ಕಡೆ ಕಳೆಯುತ್ತದೆ ಎಂದು ವಾದಿಸಿ ವೇಗ ಹೆಚ್ಚಿಸುವ 14 ನಿಯಮಗಳನ್ನು ಕೊಟ್ಟರು. ಅದೇ ವರ್ಷ ಯಾಹೂ ಹೊರತಂದ ವೈಸ್ಲೋ, ಫೈರ್‌ಬಗ್ ಮೇಲೆಯೇ ಕೂತು ಪುಟಗಳಿಗೆ ಅಂಕ ಕೊಡುತ್ತಿತ್ತು. ಗೂಗಲ್‌ನ ಪೇಜ್ ಸ್ಪೀಡ್ 2009ರಲ್ಲಿ ಬಂತು.

ಉಪಕರಣದ ಭಾರ ಅಳತೆಗೇ ಸೇರುತ್ತದೆಂಬುದು ಆಗಲೇ ಬೆಳಕಿಗೆ ಬಂತು. ಫೈರ್‌ಬಗ್ ಚಾಲೂ ಇದ್ದರೆ ಜಿಮೇಲ್ ನಿಧಾನವಾಗುತ್ತದೆಂದು ಗೂಗಲ್ ತನ್ನ ಬಳಕೆದಾರರಿಗೆ ಎಚ್ಚರಿಕೆ ತೋರಿಸುತ್ತಿತ್ತು. ಪರೀಕ್ಷೆಗೆಂದೇ ಬೇರೆ ಬ್ರೌಸರ್ ಪ್ರೊಫೈಲ್ ಇಟ್ಟುಕೊಂಡು, ಬೇಡದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕುವ ರೂಢಿ ಇಂಥ ಅನುಭವಗಳಿಂದ ಗಟ್ಟಿಯಾಯಿತು.

ದಾಖಲೆಯ ರೂಪ

ಆರಂಭದಲ್ಲಿ ಒಂದು ಉಪಕರಣದ ದಾಖಲೆಯನ್ನು ಇನ್ನೊಂದು ಓದಲಾಗುತ್ತಿರಲಿಲ್ಲ. 2009ರಲ್ಲಿ ಫೈರ್‌ಬಗ್ ತಂಡದ ಯಾನ್ ಓಡ್ವಾರ್ಕೊ ಮತ್ತಿತರರು ಎಚ್‌ಎಆರ್ ಎಂಬ ಸಾಮಾನ್ಯ ಕಡತ ರೂಪವನ್ನು ಮುಂದಿಟ್ಟರು. ಪ್ರತಿ ವಿನಂತಿ, ಅದರ ಉತ್ತರ, ಹೆಡರ್ ಹಾಗೂ ಕಾಲದ ವಿವರಗಳು ಇದರಲ್ಲಿ ಸೇರಿರುತ್ತವೆ. ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇದನ್ನು ಅಧಿಕೃತ ಮಾನಕವಾಗಿ ಅಂಗೀಕರಿಸಲಿಲ್ಲವಾದರೂ ಪ್ರಮುಖ ಬ್ರೌಸರ್‌ಗಳೆಲ್ಲ ಅಳವಡಿಸಿಕೊಂಡವು. ಲಾಗಿನ್ ಆದ ಸ್ಥಿತಿಯಲ್ಲಿ ದಾಖಲಿಸಿದರೆ ಕುಕಿ ಮತ್ತು ಸೆಷನ್ ಟೋಕನ್‌ಗಳೂ ಕಡತದಲ್ಲಿ ಉಳಿಯುತ್ತವೆ. 2023ರಲ್ಲಿ ಬಯಲಾದ ಲಾಗಿನ್ ಸೇವೆ ಒದಗಿಸುವ ಆಕ್ಟಾ ಸಂಸ್ಥೆಯ ಭದ್ರತಾ ಪ್ರಕರಣದಲ್ಲಿ, ಗ್ರಾಹಕರು ಸಹಾಯ ಕೋರಿ ಕಳಿಸಿದ್ದ ಎಚ್‌ಎಆರ್ ಕಡತಗಳೊಳಗಿನ ಟೋಕನ್‌ಗಳು ದಾಳಿಕೋರರಿಗೆ ಸಿಕ್ಕಿದ್ದವು. ಆ ಬಳಿಕ ಕ್ರೋಮ್, ಇಂಥ ಗುಟ್ಟಿನ ವಿವರಗಳನ್ನು ತೆಗೆದೇ ಕಡತ ಉಳಿಸುವುದನ್ನು ಸಾಮಾನ್ಯ ಕ್ರಮವಾಗಿಸಿತು.

ವೆಬ್‌ಪೇಜ್‌ಟೆಸ್ಟ್

ಎಒಎಲ್ ಸಂಸ್ಥೆಯಲ್ಲಿದ್ದ ಪ್ಯಾಟ್ರಿಕ್ ಮೀನನ್ ಒಳಬಳಕೆಗೆಂದು ರೂಪಿಸಿದ ವೆಬ್‌ಪೇಜ್‌ಟೆಸ್ಟ್ 2008ರಲ್ಲಿ ಮುಕ್ತ ತಂತ್ರಾಂಶವಾಯಿತು. ಮೊದಲಿಗೆ ಅದು ವಿಂಡೋಸ್ ಕಂಪ್ಯೂಟರಿನಲ್ಲಿ ನಿಜವಾದ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ನಡೆಸಿ ಅಳೆಯುತ್ತಿತ್ತು. ಇಂದಿಗೂ ಬಳಕೆಯಲ್ಲಿರುವ ಹಲವು ಕ್ರಮಗಳನ್ನು ಪ್ರಚಾರಕ್ಕೆ ತಂದದ್ದು ಈ ಉಪಕರಣವೇ.

ಮೊದಲನೆಯದು ಕ್ಯಾಶೆಯ ಸ್ಥಿತಿ. ಒಮ್ಮೆ ನೋಡಿದ ಪುಟದ ಚಿತ್ರಗಳನ್ನು ಬ್ರೌಸರ್ ಡಿಸ್ಕ್‌ನಲ್ಲಿ ಉಳಿಸಿಕೊಳ್ಳುವುದರಿಂದ ಎರಡನೇ ಭೇಟಿ ಚುರುಕಾಗಿರುತ್ತದೆ. ಆದ್ದರಿಂದ ಎಲ್ಲವನ್ನೂ ಅಳಿಸಿ ಮೊದಲ ಭೇಟಿಯನ್ನೂ, ಅಳಿಸದೆ ಮರುಭೇಟಿಯನ್ನೂ ಬೇರೆಬೇರೆಯಾಗಿ ದಾಖಲಿಸಲಾಯಿತು. ಎರಡನೆಯದು ಸಂಪರ್ಕದ ವೇಗ. ಕಚೇರಿಯ ವೇಗದ ಸಂಪರ್ಕದಲ್ಲಿ ಕ್ಷಣಮಾತ್ರದಲ್ಲಿ ಬರುವ ಪುಟ ಮನೆಯ ಸಾಮಾನ್ಯ ಸಂಪರ್ಕದಲ್ಲಿ ಹಾಗೆ ಬರುವುದಿಲ್ಲ. ಇದಕ್ಕಾಗಿ, ಇಟಲಿಯ ಪೀಸಾ ವಿಶ್ವವಿದ್ಯಾಲಯದ ಲುಯಿಜಿ ರಿಜ್ಜೊ 1990ರ ದಶಕದಲ್ಲಿ ರಚಿಸಿದ ಡಮ್ಮಿನೆಟ್ ತಂತ್ರಾಂಶ ಬಳಸಿ ವೇಗವನ್ನು ಬೇಕೆಂದೇ ತಗ್ಗಿಸಲಾಯಿತು. ‘ಕೇಬಲ್’ ಎಂಬ ಮಾದರಿಯಲ್ಲಿ ಇಳಿಕೆಗೆ 5 ಎಂಬಿಪಿಎಸ್, ಏರಿಕೆಗೆ 1 ಎಂಬಿಪಿಎಸ್ ಮತ್ತು ಹೋಗಿಬರಲು 28 ಮಿಲಿಸೆಕೆಂಡ್ ಎಂದು ನಿಗದಿಯಾಗಿತ್ತು. ಮೂರನೆಯದು ಪುನರಾವರ್ತನೆ. ಒಂದೇ ಪುಟವನ್ನು ಹಲವು ಬಾರಿ ತೆರೆದು, ಸರಾಸರಿಯ ಬದಲು ಮಧ್ಯಾಂಕ ಬಂದ ಓಟವನ್ನು ಪ್ರತಿನಿಧಿಯಾಗಿ ಆರಿಸುವುದು ರೂಢಿಯಾಯಿತು; ಎಲ್ಲೋ ಒಮ್ಮೆ ಬರುವ ವಿಪರೀತ ಅಂಕಿ ಹೀಗೆ ಬದಿಗೆ ಸರಿಯುತ್ತದೆ.

ಸೌಡರ್ಸ್ 2010ರಲ್ಲಿ ಆರಂಭಿಸಿದ ಎಚ್‌ಟಿಟಿಪಿ ಆರ್ಕೈವ್ ಯೋಜನೆ ಇದೇ ಉಪಕರಣದಿಂದ ಸಾವಿರಾರು ತಾಣಗಳನ್ನು ನಿಯಮಿತವಾಗಿ ದಾಖಲಿಸತೊಡಗಿತು. 2020ರಲ್ಲಿ ವೆಬ್‌ಪೇಜ್‌ಟೆಸ್ಟ್ ಕ್ಯಾಚ್‌ಪಾಯಿಂಟ್ ಕಂಪನಿಯ ಪಾಲಾಯಿತು.

ಗಡಿಯಾರದ ಸಮಸ್ಯೆ

ಪುಟದೊಳಗಿನ ಜಾವಾಸ್ಕ್ರಿಪ್ಟ್‌ನಿಂದ ಸಮಯ ಅಳೆಯಲು ಎರಡು ತೊಡಕುಗಳಿದ್ದವು. ಪುಟ ಬಂದ ಮೇಲಷ್ಟೇ ಸ್ಕ್ರಿಪ್ಟ್ ಕೆಲಸ ಶುರುಮಾಡುವುದರಿಂದ ಅದಕ್ಕೂ ಹಿಂದಿನ ಕಾಯುವಿಕೆ ಅದಕ್ಕೆ ತಿಳಿಯುತ್ತಿರಲಿಲ್ಲ. ಹಿಂದಿನ ಪುಟ ಬಿಟ್ಟ ಹೊತ್ತನ್ನು ಕುಕಿಯಲ್ಲಿ ಬರೆದಿಡುವಂಥ ಉಪಾಯಗಳನ್ನು ಹೂಡಬೇಕಾಗಿತ್ತು. ಇನ್ನೊಂದು ಗಡಿಯಾರದ್ದೇ ದೋಷ. ವಿಂಡೋಸ್ ಎಕ್ಸ್‌ಪಿಯಲ್ಲಿ ಹಲವು ಬ್ರೌಸರ್‌ಗಳ ಸಮಯ ಸುಮಾರು 15 ಮಿಲಿಸೆಕೆಂಡಿಗೊಮ್ಮೆ ಮಾತ್ರ ಮುಂದೆ ಸರಿಯುತ್ತದೆಂದು ಜಾವಾಸ್ಕ್ರಿಪ್ಟ್ ತಜ್ಞ ಜಾನ್ ರೆಸಿಗ್ 2008ರಲ್ಲಿ ತೋರಿಸಿದರು. ಅಂಥ ಗಡಿಯಾರದಲ್ಲಿ ಐದಾರು ಮಿಲಿಸೆಕೆಂಡಿನ ಕೆಲಸ ಒಮ್ಮೆ ಸೊನ್ನೆಯಾಗಿ, ಇನ್ನೊಮ್ಮೆ 15 ಆಗಿ ಕಾಣುತ್ತದೆ.

2010ರಲ್ಲಿ ಡಬ್ಲ್ಯು3ಸಿ ರಚಿಸಿದ ವೆಬ್ ಪರ್ಫಾರ್ಮೆನ್ಸ್ ಕಾರ್ಯತಂಡ ಇವೆರಡಕ್ಕೂ ಪರಿಹಾರ ಕೊಟ್ಟಿತು. ನ್ಯಾವಿಗೇಷನ್ ಟೈಮಿಂಗ್ ಮತ್ತು ಹೈ ರೆಸಲ್ಯೂಷನ್ ಟೈಮ್ ಮಾನಕಗಳು 2012ರ ಡಿಸೆಂಬರ್‌ನಲ್ಲಿ ಅಂತಿಮಗೊಂಡವು. ಮೊದಲನೆಯದು ಪುಟ ಬರುವ ಪಯಣದ ಪ್ರತಿ ಹಂತದ ಹೊತ್ತನ್ನು ಬ್ರೌಸರಿನಿಂದಲೇ ಕೊಡಿಸಿದರೆ, ಎರಡನೆಯದು ಕಂಪ್ಯೂಟರಿನ ಗಡಿಯಾರವನ್ನು ತಿದ್ದಿದರೂ ಹಿಂದಕ್ಕೆ ಓಡದ ಸೂಕ್ಷ್ಮ ಕಾಲಮಾಪಕವನ್ನು ಒದಗಿಸಿತು. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಹಿರಂಗವಾದಾಗ, ಗುಟ್ಟು ಕದಿಯಲು ಇದೇ ಸೂಕ್ಷ್ಮತೆ ನೆರವಾಗಬಹುದೆಂದು ಬ್ರೌಸರ್‌ಗಳು ಕಾಲಮಾಪಕವನ್ನು ಮತ್ತೆ ಒರಟಾಗಿಸಿದವು. ಫೈರ್‌ಫಾಕ್ಸ್ ಅದನ್ನು 5 ಮೈಕ್ರೊಸೆಕೆಂಡಿನಿಂದ ಮೊದಲು 20ಕ್ಕೆ ಏರಿಸಿತು.

ವಿಡಿಯೊ ದಾಖಲೆ

ಪುಟದ ಕಡತಗಳೆಲ್ಲ ಬಂದವೆಂಬ ಸೂಚನೆಗೂ ಓದುಗ ಕಂಡದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಹೀಗಾಗಿ ವೆಬ್‌ಪೇಜ್‌ಟೆಸ್ಟ್ ಪುಟ ಮೂಡುವುದನ್ನು ವಿಡಿಯೊ ಮಾಡತೊಡಗಿತು. ಕಣ್ಣಿಗೆ ಕಾಣುವ ಭಾಗ ಸರಾಸರಿ ಎಷ್ಟು ಬೇಗ ತುಂಬುತ್ತದೆಂದು ತಿಳಿಸುವ ಸ್ಪೀಡ್ ಇಂಡೆಕ್ಸ್ 2012ರಲ್ಲಿ ಬಳಕೆಗೆ ಬಂತು. ಪೀಟರ್ ಹೆಡೆನ್‌ಸ್ಕೋಗ್ ಆರಂಭಿಸಿದ ಸೈಟ್‌ಸ್ಪೀಡ್ ಯೋಜನೆಯ ಬ್ರೌಸರ್‌ಟೈಮ್ ಉಪಕರಣ ಪುಟ ತೆರೆಯುವ ಮುನ್ನ ಪರದೆಗೆ ಕಿತ್ತಳೆ ಬಣ್ಣ ತುಂಬುತ್ತದೆ. ವಿಡಿಯೊದಲ್ಲಿ ಆ ಬಣ್ಣ ಮಾಯವಾದ ಚೌಕಟ್ಟೇ ಸೊನ್ನೆಯ ಗುರುತು. ಸೆಕೆಂಡಿಗೆ 30 ಚೌಕಟ್ಟು ಹಿಡಿದರೆ ಒಂದರಿಂದ ಇನ್ನೊಂದಕ್ಕೆ 33 ಮಿಲಿಸೆಕೆಂಡ್ ಅಂತರವಿರುವುದರಿಂದ ಅದಕ್ಕಿಂತ ಸಣ್ಣ ವ್ಯತ್ಯಾಸ ಇಲ್ಲಿ ಸಿಗುವುದಿಲ್ಲ. ಚೌಕಟ್ಟು ಹೆಚ್ಚಿಸಿದರೆ ವಿಡಿಯೊ ಬರೆಯುವ ಕೆಲಸವೇ ಪ್ರೊಸೆಸರನ್ನು ತಿನ್ನುತ್ತದೆ.

ಯಂತ್ರದ ಸಜ್ಜುಗೊಳಿಕೆ

ಪುಟಗಳಲ್ಲಿ ಜಾವಾಸ್ಕ್ರಿಪ್ಟ್ ಹೆಚ್ಚಿದಂತೆ ಸಂಪರ್ಕದಷ್ಟೇ ಪ್ರೊಸೆಸರೂ ಮುಖ್ಯವಾಯಿತು. ಒಂದೇ ಯಂತ್ರವನ್ನು ಹಲವರಿಗೆ ಹಂಚುವ ಕ್ಲೌಡ್ ಸರ್ವರ್‌ಗಳಲ್ಲಿ ನೆರೆಯವರ ಕೆಲಸದಿಂದ ಅಂಕಿ ಏರಿಳಿಯುವುದರಿಂದ ಸ್ವಂತಕ್ಕೇ ಮೀಸಲಾದ ಕಂಪ್ಯೂಟರ್ ಬಳಸುವ ಸಲಹೆ ಬಂತು. ವಿದ್ಯುತ್ ಉಳಿಸಲು ಪ್ರೊಸೆಸರ್ ತನ್ನ ವೇಗವನ್ನು ತಾನೇ ಬದಲಿಸಿಕೊಳ್ಳುವುದನ್ನು ತಡೆದು, ಲಿನಕ್ಸ್‌ನಲ್ಲಿ ಅದನ್ನು ಒಂದೇ ವೇಗಕ್ಕೆ ಕಟ್ಟಿಹಾಕುವುದುಂಟು. ಆಂಟಿವೈರಸ್, ಹಿನ್ನೆಲೆಯಲ್ಲಿ ಇಳಿಯುವ ಅಪ್‌ಡೇಟ್ ಮತ್ತು ಬ್ಯಾಕಪ್ ಕೆಲಸಗಳನ್ನು ಪರೀಕ್ಷೆಯ ಹೊತ್ತಿಗೆ ನಿಲ್ಲಿಸುತ್ತಾರೆ. ಕ್ರೋಮ್ ಬ್ರೌಸರನ್ನು ಖಾಲಿ ಪ್ರೊಫೈಲ್‌ನೊಂದಿಗೆ, ಮೊದಲ ಬಾರಿಯ ಸ್ವಾಗತ ಪುಟ, ಸಿಂಕ್, ಹಿನ್ನೆಲೆಯ ಜಾಲಸಂಪರ್ಕ ಎಲ್ಲವನ್ನೂ ಆರಿಸಿಯೇ ಚಾಲೂ ಮಾಡುತ್ತಾರೆ.

ಮೊಬೈಲ್‌ನಲ್ಲಿ ಶಾಖವೂ ಸಮಸ್ಯೆಯೇ. ಬಿಸಿಯಾದ ಫೋನ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಹೀಗಾಗಿ ಬ್ಯಾಟರಿ ತಣ್ಣಗಾಗುವವರೆಗೆ ಮುಂದಿನ ಓಟವನ್ನು ತಡೆಹಿಡಿಯುವ ಆಯ್ಕೆ ಬ್ರೌಸರ್‌ಟೈಮ್‌ನಲ್ಲಿದೆ.

ಜಾಹೀರಾತು ಮತ್ತು ಸರ್ವರಿನ ಏರುಪೇರಿನಿಂದ ಪಾರಾಗಲು ಪುಟವನ್ನು ಒಮ್ಮೆ ದಾಖಲಿಸಿಟ್ಟು, ಮುಂದಿನ ಪರೀಕ್ಷೆಗಳಲ್ಲಿ ಅದೇ ಪ್ರತಿಯನ್ನು ಸ್ಥಳೀಯವಾಗಿ ಮತ್ತೆ ಒದಗಿಸುವ ವಿಧಾನವೂ ಬೆಳೆಯಿತು. ಇದಕ್ಕಾಗಿ ಗೂಗಲ್ ವೆಬ್ ಪೇಜ್ ರಿಪ್ಲೇ ರೂಪಿಸಿತು. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನವೂ ಇದನ್ನು ಬಳಸಿದೆ. ಮೊಜಿಲ್ಲಾ ಫೈರ್‌ಫಾಕ್ಸ್‌ನ ಪರೀಕ್ಷೆಗಳಲ್ಲಿ ಇದೇ ಕೆಲಸಕ್ಕೆ ಮಿಟ್ಮ್‌ಪ್ರಾಕ್ಸಿ ಬಳಸುತ್ತದೆ.

ಪ್ರಯೋಗಾಲಯ ಮತ್ತು ನೈಜ ಬಳಕೆ

2016ರಲ್ಲಿ ಬಂದ ಗೂಗಲ್‌ನ ಲೈಟ್‌ಹೌಸ್ ಸಾಮಾನ್ಯ ಡೆವಲಪರ್ ಕೈಗೂ ಪ್ರಯೋಗಾಲಯ ಕೊಟ್ಟಿತು. ಮೊಬೈಲ್ ಪರೀಕ್ಷೆಗೆ ಅದು ಪ್ರೊಸೆಸರನ್ನು 4 ಪಟ್ಟು ನಿಧಾನಗೊಳಿಸಿ, 1.6 ಎಂಬಿಪಿಎಸ್ ಸಂಪರ್ಕವನ್ನು ಅನುಕರಿಸುತ್ತದೆ. ಐದು ಓಟಗಳ ಮಧ್ಯಾಂಕವು ಒಂದೇ ಓಟದ ಅಂಕಕ್ಕಿಂತ ಎರಡು ಪಟ್ಟು ಸ್ಥಿರವೆಂದು ಅದರ ಕೈಪಿಡಿ ಹೇಳುತ್ತದೆ. ಆದರೆ ಅನುಕರಿಸಿದ ಫೋನ್ ನಿಜವಾದ ಫೋನ್ ಅಲ್ಲ, ಅನುಕರಿಸಿದ ಸಂಪರ್ಕ ಎಲ್ಲ ಬಳಕೆದಾರರ ಸಂಪರ್ಕವೂ ಅಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2015ರಲ್ಲಿ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹಗುರ ಮೊಬೈಲ್ ತಾಣವನ್ನು ತಂದಾಗ ಅದರ ಬಳಕೆದಾರರಲ್ಲಿ ದೊಡ್ಡ ಪಾಲು 2ಜಿ ಸಂಪರ್ಕದಲ್ಲಿತ್ತು.

ಈ ಅಂತರ ತುಂಬಲು ಬಳಕೆದಾರರ ಬ್ರೌಸರ್‌ಗಳಿಂದಲೇ ಅಂಕಿ ಸಂಗ್ರಹಿಸುವ ದಾರಿ ಬೆಳೆಯಿತು. ಯಾಹೂ 2010ರಲ್ಲಿ ಬೂಮರಾಂಗ್ ತಂತ್ರಾಂಶವನ್ನು ಮುಕ್ತಗೊಳಿಸಿತು. 2017ರಲ್ಲಿ ಕ್ರೋಮ್ ಬಳಕೆದಾರರ ಅನುಭವದ ದತ್ತಾಂಶವನ್ನು ಗೂಗಲ್ ಪ್ರಕಟಿಸತೊಡಗಿತು. 2020ರಲ್ಲಿ ಅದು ಘೋಷಿಸಿದ ಕೋರ್ ವೆಬ್ ವೈಟಲ್ಸ್ ಎಂಬ ಅಳತೆಗಳ ಪ್ರಕಾರ, ಪುಟದ ಮುಖ್ಯ ಭಾಗ ನೂರರಲ್ಲಿ 75 ಭೇಟಿಗಳಲ್ಲಾದರೂ 2.5 ಸೆಕೆಂಡಿನೊಳಗೆ ಕಾಣಬೇಕು.

ನೈಜ ಬಳಕೆಯ ಅಂಕಿಗಳು ತಾಣ ನಿಧಾನವೇ ಎಂಬುದನ್ನು ತಿಳಿಸುತ್ತವೆ. ಯಾವ ಬದಲಾವಣೆಯಿಂದ ನಿಧಾನವಾಯಿತೆಂದು ಹುಡುಕಲು ಸಜ್ಜುಗೊಳಿಸಿದ ಯಂತ್ರವೇ ಬೇಕು. ಬ್ರೌಸರಿನ ಆವೃತ್ತಿ, ಯಂತ್ರದ ಬಗೆ, ಸಂಪರ್ಕದ ಮಾದರಿ, ಕ್ಯಾಶೆಯ ಸ್ಥಿತಿ, ಓಟಗಳ ಸಂಖ್ಯೆ ಇಷ್ಟನ್ನೂ ಜೊತೆಗೆ ದಾಖಲಿಸದ ಅಂಕಿಯನ್ನು ಇನ್ನೊಂದು ಅಂಕಿಯೊಡನೆ ಹೋಲಿಸಲು ಬರುವುದಿಲ್ಲ.