ಮರಿಕೋಸು ಕಹಿಯಾಗಿದ್ದು ಹೇಗೆ, ಗರಿಗರಿಯಾಗಿ ವಾಪಸ್ ಬಂದಿದ್ದು ಹೇಗೆ

ಈ ಸಲ ಬರಹ ಸ್ವಲ್ಪ ಉದ್ದ ಆಗಿದೆ. ಬಿಡುವಾದಾಗ ನಿಧಾನವಾಗಿ ಓದಿ.

ಎಲೆಕೋಸು ಬೆಳೆದವರೆಲ್ಲ ಒಂದು ವಿಷಯ ಗಮನಿಸಿರ್ತೀರಿ. ಗಡ್ಡೆ ಕೊಯ್ದು ಬುಡ ಹಾಗೇ ಬಿಟ್ರೆ, ಸ್ವಲ್ಪ ದಿನಕ್ಕೆ ಆ ಬುಡದ ಸುತ್ತ ನಿಂಬೆಹಣ್ಣಿನ ಗಾತ್ರದ ಸಣ್ಣ ಸಣ್ಣ ಕೋಸು ಬರ್ತವೆ. ನಾವು ಅದನ್ನ ಕುರಿಗೆ ಹಾಕ್ತೀವಿ, ಇಲ್ಲಾಂದ್ರೆ ಉತ್ತು ಮಣ್ಣಿಗೆ ಸೇರಿಸ್ತೀವಿ. ಅಂಥ ಮರಿಗಳನ್ನೇ ಮುಖ್ಯ ಬೆಳೆಯಾಗಿ ಮಾಡ್ಕೊಂಡ ಜನ ಇದಾರೆ. ಅದರ ಹೆಸರು ಬ್ರಸೆಲ್ಸ್ ಸ್ಪ್ರೌಟ್ಸ್. ನಾನು ಮರಿಕೋಸು ಅಂತಲೇ ಕರೀತೀನಿ.

ಹೋದ ತಿಂಗಳು ಬೆಂಗಳೂರಿನಲ್ಲಿ ಮಗನ ಮನೆಗೆ ಹೋಗಿದ್ದಾಗ ಸೊಸೆ ಇದನ್ನ ಏರ್ ಫ್ರೈಯರ್‌ನಲ್ಲಿ ಮಾಡಿ ಕೊಟ್ಟಳು. ಹೊರಗೆಲ್ಲ ಹಪ್ಪಳದ ಹಾಗೆ ಗರಿಗರಿ, ಒಳಗೆ ಮೆತ್ತಗೆ, ಸ್ವಲ್ಪ ಸಿಹಿ. ಪ್ಯಾಕೆಟ್ ಮೇಲಿನ ಬೆಲೆ ನೋಡಿ ಮಾತ್ರ ನನಗೆ ತಲೆ ತಿರುಗಿತು. ಊರಿಗೆ ಬಂದು ಹೇಳಿದ್ದೇ ತಡ, ನಮ್ಮ ಹುಡುಗರಿಬ್ಬರು "ಬೀಜ ಎಲ್ಲಿ ಸಿಗುತ್ತೆ, ಅರ್ಧ ಎಕರೆ ಹಾಕೋಣ" ಅಂತ ಶುರು ಮಾಡಿದ್ರು. ಹಾಕೋ ಮೊದಲು ಅದರ ಕಥೆ ತಿಳ್ಕೊಳ್ಳಿ ಅಂತ ಇಷ್ಟು ಬರೀತಾ ಇದೀನಿ.

ಮೊದಲು ಜಾತಿ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ಈ ಮರಿಕೋಸು ಎಲ್ಲವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿ. ಯುರೋಪಿನ ಕಾಡುಕೋಸಿನಿಂದ ಬಂದವು. ಒಂದು ಕಡೆಯ ರೈತರು ದಪ್ಪ ಕಾಂಡದ ಗಿಡದಿಂದ ಬೀಜ ಹಿಡಿದ್ರು, ನವಿಲುಕೋಸಾಯ್ತು. ಇನ್ನೊಂದು ಕಡೆ ಹೂವಿನ ಮೊಗ್ಗು ನೋಡಿ ಹಿಡಿದ್ರು, ಹೂಕೋಸಾಯ್ತು. ಬ್ರಸೆಲ್ಸ್ ಸುತ್ತಮುತ್ತ, ಈಗಿನ ಬೆಲ್ಜಿಯಂನಲ್ಲಿ, ಎಲೆ ಕಂಕುಳಲ್ಲಿ ಬರೋ ಮೊಗ್ಗು ದಪ್ಪ ಇರೋ ಗಿಡಗಳನ್ನ ಉಳಿಸ್ಕೊಂಡು ಬಂದ್ರು. ಅದಕ್ಕೇ ಆ ಊರಿನ ಹೆಸರು. ಗಿಡ ಎರಡರಿಂದ ಮೂರು ಅಡಿ ನೆಟ್ಟಗೆ ನಿಲ್ಲುತ್ತೆ, ಕಾಂಡದ ಉದ್ದಕ್ಕೂ ಗೆಜ್ಜೆ ಕಟ್ಟಿದ ಹಾಗೆ ಮರಿಕೋಸು ಹಿಡಿಯುತ್ತೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1812ರಲ್ಲಿ ತಮ್ಮ ಮಾಂಟಿಚೆಲ್ಲೊ ತೋಟದಲ್ಲಿ ಇದನ್ನ ಹಾಕಿದ್ರು. ಆಮೇಲೆ 1920ರ ದಶಕದಿಂದ ಕ್ಯಾಲಿಫೋರ್ನಿಯಾದ ಸಮುದ್ರ ತೀರದ ತಂಪು ಜಾಗದಲ್ಲಿ ಬೆಳೆಯೋಕೆ ಶುರುವಾಯ್ತು.

ಆಗ ಕೊಯ್ಲು ಹೇಗಿತ್ತು ಅಂದ್ರೆ, ಮರಿಕೋಸು ಕಾಂಡದ ಕೆಳಗಿಂದ ಮೇಲಕ್ಕೆ ಬಲಿಯುತ್ತೆ. ಬಲಿತಿದ್ದನ್ನ ಕೈಯಲ್ಲಿ ಬಿಡಿಸ್ತಾ, ವಾರ ಬಿಟ್ಟು ವಾರ ಮತ್ತೆ ಮತ್ತೆ ಬರಬೇಕು. ನಮ್ಮ ಹುರುಳಿಕಾಯಿ ಬಿಡಿಸಿದ ಹಾಗೇ. ಕೂಲಿ ಎಷ್ಟು ಬೀಳುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಅಲ್ಲೂ ಅದೇ ಸಮಸ್ಯೆ. 1960ರ ದಶಕದಲ್ಲಿ ಮೆಷಿನ್ ಕೊಯ್ಲು ಬಂತು. ಮೆಷಿನ್‌ಗೆ ಕಾಂಡದ ಮೇಲಿರೋದೆಲ್ಲ ಒಂದೇ ಸಲ, ಒಂದೇ ಗಾತ್ರಕ್ಕೆ ಬಲಿತಿರಬೇಕು. ಬೀಜ ಕಂಪನಿಯವರು ಅಂಥ ತಳಿ ಕೊಟ್ರು. ಇಳುವರಿ ಚೆನ್ನಾಗಿತ್ತು, ಒಂದೇ ಸೈಜು, ನೋಡೋಕೂ ಅಂದ. ರೈತರು ಖುಷಿಯಾಗಿ ಹಾಕಿದ್ರು. ನಾವಾಗಿದ್ರೂ ಹಾಕ್ತಿದ್ವಿ.

ಆದ್ರೆ ಆ ತಳಿಗಳು ಕಹಿ. ಅದರ ಜೊತೆಗೆ ಅಡುಗೆಮನೆಯಲ್ಲಿ ಇನ್ನೊಂದು ತಪ್ಪು. ಇಂಗ್ಲೆಂಡು, ಅಮೆರಿಕದ ಮನೆಗಳಲ್ಲಿ ಇದನ್ನ ನೀರಲ್ಲಿ ಹಾಕಿ ಬೂದು ಬಣ್ಣಕ್ಕೆ ತಿರುಗೋವರೆಗೂ ಬೇಯಿಸ್ತಿದ್ರು. ಕೋಸನ್ನ ಹೊತ್ತು ಮೀರಿ ಬೇಯಿಸಿದ್ರೆ ಒಳಗಿರೋ ಗಂಧಕದ ಅಂಶ ಬಿಡುಗಡೆ ಆಗಿ ಕೊಳೆತ ಮೊಟ್ಟೆ ವಾಸನೆ ಬರುತ್ತೆ. ಮದುವೆ ಮನೆ ಕೋಸಿನ ಪಲ್ಯ ಕೆಲವು ಸಲ ಹೇಗಿರುತ್ತೆ ನೆನಪು ಮಾಡ್ಕೊಳ್ಳಿ. ಕಹಿಯೂ ಸೇರಿ, ವಾಸನೆಯೂ ಸೇರಿ, ಒಂದು ತಲೆಮಾರಿನ ಮಕ್ಕಳು ಮರಿಕೋಸು ಅಂದ್ರೆ ಮುಖ ತಿರುಗಿಸೋ ಹಾಗಾಯ್ತು.

ಈ ಕಹಿ ಎಲ್ಲಿಂದ ಬಂತು ಅಂತ 1990ರ ದಶಕದಲ್ಲಿ ಒಬ್ಬರು ಹುಡುಕಿದ್ರು. ನೆದರ್‌ಲೆಂಡ್ಸ್‌ನ ಬೀಜ ಕಂಪನಿಯಲ್ಲಿದ್ದ ವಿಜ್ಞಾನಿ, ಹೆಸರು ಹಾನ್ಸ್ ವಾನ್ ಡೋರ್ನ್. ಸಿನಿಗ್ರಿನ್, ಪ್ರೊಗೊಯಿಟ್ರಿನ್ ಅನ್ನೋ ಎರಡು ಅಂಶ ಜಾಸ್ತಿ ಇದ್ದಷ್ಟೂ ಕಹಿ ಜಾಸ್ತಿ ಅಂತ ಅವರು ಮತ್ತು ಜೊತೆಯವರು ತೋರಿಸಿದ್ರು. ಸಿನಿಗ್ರಿನ್ ಹೊಸದೇನಲ್ಲ. ಸಾಸಿವೆ ಅರೆದಾಗ ಮೂಗಿಗೆ ಹತ್ತೋ ಖಾರ ಅದರಿಂದಲೇ ಬರೋದು. ಗಿಡ ಇದನ್ನ ಇಟ್ಕೊಂಡಿರೋದು ತಿನ್ನೋ ಹುಳದಿಂದ ಉಳಿಯೋಕೆ. ಆದ್ರೆ ನಮ್ಮ ಕೋಸಿನ ಡೈಮಂಡ್ ಬ್ಯಾಕ್ ಪತಂಗಕ್ಕೆ ಇಂಥ ಅಂಶಗಳೇ ಗುರುತು, ಇದನ್ನ ಹಿಡಿದೇ ಮೊಟ್ಟೆ ಇಡೋ ಜಾಗ ಹುಡುಕುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ ಹಾಕಿ ಅಂತ ಹೇಳ್ತಾರಲ್ಲ, ಆ ಸಾಸಿವೆ ಕೆಲಸ ಮಾಡೋದೂ ಹೀಗೇ. ಪತಂಗ ಕೋಸು ಬಿಟ್ಟು ಸಾಸಿವೆಗೆ ಹೋಗುತ್ತೆ.

ಕಹಿ ಯಾವುದು ಅಂತ ಗೊತ್ತಾದ ಮೇಲೆ ಬೀಜ ಕಂಪನಿಗಳು ಏನು ಮಾಡಿದ್ವು ಅಂತ ಕೇಳಿ. ಹೊಸದಾಗಿ ಏನೂ ಸೃಷ್ಟಿ ಮಾಡಲಿಲ್ಲ. ಬೀಜ ಭಂಡಾರದಲ್ಲಿ ಯಾರೋ ಜೋಪಾನ ಮಾಡಿಟ್ಟಿದ್ದ ಹಳೇ ತಳಿಗಳನ್ನ ತೆಗೆದ್ರು. ಇಳುವರಿ ಇಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದ ತಳಿಗಳು. ಬೆಳೆಸಿ ಪರೀಕ್ಷೆ ಮಾಡಿ, ಕಹಿ ಕಡಿಮೆ ಇದ್ದಿದ್ದನ್ನ ಆರಿಸಿ, ಈಗಿನ ಇಳುವರಿ ತಳಿಗೆ ಕ್ರಾಸ್ ಮಾಡಿದ್ರು. ವರ್ಷಗಟ್ಟಲೆ ಹಿಡೀತು. ಕಡೆಗೆ ಮೆಷಿನ್‌ಗೂ ಒಗ್ಗೋ, ನಾಲಿಗೆಗೂ ಒಗ್ಗೋ ಬೀಜ ಬಂತು.

ಬೀಜ ಸರಿಹೋದ ಮೇಲೆ ಅಡುಗೆಯೂ ಸರಿಹೋಯ್ತು. 2000ದ ನಂತರ ಅಮೆರಿಕದ ಹೋಟೆಲುಗಳು ಬೇಯಿಸೋದು ಬಿಟ್ಟು ಹುರಿಯೋಕೆ ಶುರು ಮಾಡಿದ್ವು. ನ್ಯೂಯಾರ್ಕಿನಲ್ಲಿ ಡೇವಿಡ್ ಚಾಂಗ್ ಅನ್ನೋ ಬಾಣಸಿಗರ ಮೊಮೊಫುಕು ಹೋಟೆಲುಗಳಲ್ಲಿ ಇದನ್ನ ಕಂದು ಬಣ್ಣಕ್ಕೆ ಹುರಿದು ಕೊರಿಯಾದ ಕಿಮ್ಚಿ ಜೊತೆ ಕೊಡ್ತಿದ್ರು. ಮುಖ ತಿರುಗಿಸಿದ ಜನವೇ ಕೇಳಿ ತಿನ್ನೋಕೆ ಶುರು ಮಾಡಿದ್ರು.

ಮನೆಗಳಿಗೆ ಈ ಗರಿಗರಿ ತಂದಿದ್ದು ಏರ್ ಫ್ರೈಯರ್. ಅದೂ ಅದೇ ಸೀಮೆಯದು, ನೆದರ್‌ಲೆಂಡ್ಸ್. ಫ್ರೆಡ್ ವಾನ್ ಡರ್ ವೇ ಅನ್ನೋರು ಎಣ್ಣೆ ಬಾಣಲೆ ಇಲ್ಲದೆ ಆಲೂಗಡ್ಡೆ ಚಿಪ್ಸ್ ಮಾಡಬೇಕು ಅಂತ ತಲೆ ಕೆಡಿಸ್ಕೊಂಡು ಮಾಡಿದ ಯಂತ್ರ. ಫಿಲಿಪ್ಸ್ ಕಂಪನಿ 2010ರಲ್ಲಿ ಮಾರುಕಟ್ಟೆಗೆ ತಂತು. ಹೆಸರು ಫ್ರೈಯರ್ ಅಂತ ಇದ್ರೂ ಅದು ಕರಿಯೋದಿಲ್ಲ. ಮೇಲೆ ಒಂದು ಕಾಯಿಲ್, ಅದರ ಮೇಲೆ ಫ್ಯಾನು. ಬಿಸಿಗಾಳಿ ಸಣ್ಣ ಡಬ್ಬದೊಳಗೆ ಜೋರಾಗಿ ಸುತ್ತುತ್ತೆ.

ಕೆಲಸ ಹೇಗೆ ಅಂದ್ರೆ, ನೀರಿನಲ್ಲಿ ಬೇಯಿಸಿದ್ರೆ ಬಿಸಿ 100 ಡಿಗ್ರಿ ದಾಟೋದಿಲ್ಲ. ಕಂದು ಬಣ್ಣ, ಹುರಿದ ಘಮ ಬೇಗ ಬರಬೇಕಂದ್ರೆ ಮೇಲ್ಮೈ 140 ಡಿಗ್ರಿ ಆದ್ರೂ ಆಗಬೇಕು. ಮೇಲಿನ ತೇವ ಆರೋವರೆಗೂ ಅಷ್ಟು ಬಿಸಿ ಏರಲ್ಲ. ಸುತ್ತೋ ಗಾಳಿ ಆ ತೇವ ಬೇಗ ಒಯ್ಯುತ್ತೆ, ಸುಗ್ಗಿಯಲ್ಲಿ ರಾಗಿ ತೂರೋಕೆ ಗಾಳಿ ಕಾಯ್ತೀವಲ್ಲ, ಅಂಥದೇ ಸಹಾಯ. ಸೊಸೆ ಮಾಡಿದ್ದು ಹೀಗೆ: ಮರಿಕೋಸು ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಎರಡು ಹೋಳು ಮಾಡಿ, ಒಂದು ಚಮಚ ಎಣ್ಣೆ, ಉಪ್ಪು, ಮೆಣಸಿನ ಪುಡಿ ಸವರಿದಳು. ಒಂದರ ಮೇಲೊಂದು ಪೇರಿಸದೆ ಹರಡಿ, 190 ಡಿಗ್ರಿಯಲ್ಲಿ 12ರಿಂದ 15 ನಿಮಿಷ. ನಡುವೆ ಒಮ್ಮೆ ಅಲ್ಲಾಡಿಸಬೇಕು. ಉದುರಿದ ಬಿಡಿ ಎಲೆ ಮೊದಲು ಗರಿಗರಿ ಆಗುತ್ತೆ, ಅದೇ ಎಲ್ಲಕ್ಕಿಂತ ರುಚಿ. ನಿಂಬೆರಸ ಕೊನೆಗೆ, ಇಳಿಸಿದ ಮೇಲೆ. ಮೊದಲೇ ಹಾಕಿದ್ರೆ ಮತ್ತೆ ತೇವ.

ಈಗ ಹುಡುಗರ ಅರ್ಧ ಎಕರೆ ವಿಷಯ. ಬೇಡ ಅಂತಲೇ ನನ್ನ ಮಾತು. ಇದು ಚಳಿ ಬೆಳೆ. 15ರಿಂದ 18 ಡಿಗ್ರಿ ಸುಮಾರಿನ ಹವೆ ತಿಂಗಳುಗಟ್ಟಲೆ ಬೇಕು. ನಾಟಿ ಆದ ಮೇಲೆ ಮೂರು ತಿಂಗಳಿಂದ ಐದಾರು ತಿಂಗಳು ಹಿಡಿಯುತ್ತೆ. ಹಿಮ ಬಿದ್ರೆ ಇನ್ನೂ ಸಿಹಿ ಆಗುತ್ತೆ. ನಮ್ಮ ದೇಶದಲ್ಲಿ ಊಟಿ ಕಡೆಯಂಥ ಬೆಟ್ಟದಲ್ಲಿ ಸ್ವಲ್ಪ ಬೆಳೀತಾರೆ. ನಮ್ಮ ಬಯಲಿನಲ್ಲಿ ಚಳಿ ಇರೋದೇ ಎರಡು ತಿಂಗಳು. ಬಿಸಿಲು ಏರಿದ್ರೆ ಮರಿ ಬಿಗಿಯಾಗಲ್ಲ, ಬಿಚ್ಚಿಕೊಂಡು ಎಲೆಯ ಗೊಂಚಲಾಗುತ್ತೆ. ಅಂಥದ್ದನ್ನ ಮಾಲ್‌ನೋರು ಮುಟ್ಟೋದಿಲ್ಲ. ಆಸೆ ಇದ್ರೆ ಹಿತ್ತಲಲ್ಲಿ ಹತ್ತು ಗಿಡ ಹಾಕಿ ನೋಡಿ, ಸಾಲ ಮಾಡಿ ಹಾಕಬೇಡಿ.

ಹಾಗಾದ್ರೆ ಈ ಕಥೆ ನಮಗ್ಯಾಕೆ ಅಂದ್ರೆ, ನಾವೂ ಅದೇ ದಾರಿಯಲ್ಲಿದೀವಿ. ಟೊಮೆಟೊ ಬೀಜ ಕೊಳ್ಳೋವಾಗ ಸಿಪ್ಪೆ ಗಟ್ಟಿ ಇದೆಯಾ, ಲಾರಿಯಲ್ಲಿ ಎಷ್ಟು ದಿನ ತಡೆಯುತ್ತೆ, ಬಾಕ್ಸ್ ಎಷ್ಟು ಬರುತ್ತೆ ಅಂತ ಕೇಳ್ತೀವಿ. ಸಾರಿಗೆ ಹುಳಿ ಬಿಡುತ್ತಾ ಅಂತ ಅಂಗಡಿಯಲ್ಲಿ ಯಾರೂ ಕೇಳಲ್ಲ, ನಾನೂ ಕೇಳಿಲ್ಲ. ಮನೆಗೆ ಮಾತ್ರ ನಾಟಿ ಟೊಮೆಟೊ ಹುಡುಕ್ತೀವಿ. ಮೆಷಿನ್ ತಳಿ ಹಾಕಿದ ಅಲ್ಲಿನ ರೈತರೂ ದಡ್ಡರಲ್ಲ, ಕೂಲಿ ಕಟ್ಟೋಕಾಗದೆ ಹಾಕಿದ್ರು. ಆದ್ರೆ ರುಚಿ ಹೋದ ಮೇಲೆ ಗಿರಾಕಿ ಹೋದ, ಅವನು ವಾಪಸ್ ಬರೋಕೆ ಮೂವತ್ತು ನಲವತ್ತು ವರ್ಷ ಹಿಡೀತು. ಹಳೇ ಬೀಜ ಭಂಡಾರದಲ್ಲಿ ಇಲ್ಲದೇ ಇದ್ದಿದ್ರೆ ಆ ತಳಿಯವರಿಗೆ ಕೆಲಸ ಶುರು ಮಾಡೋಕೂ ಏನೂ ಸಿಗ್ತಿರಲಿಲ್ಲ.

ನಮ್ಮವ್ವ ಒಂದು ಮುಳ್ಳುಬದನೆ ಬೀಜವನ್ನ ಬೂದಿ ಬೆರೆಸಿ ಸೋರೆಬುರುಡೆಯಲ್ಲಿ ಇಡ್ತಿದ್ಳು. ಹೈಬ್ರಿಡ್ ಬಂದ ಮೇಲೆ ನಾನೇ ಅದನ್ನ ಹಾಕೋದು ಬಿಟ್ಟೆ. ಮೂರು ವರ್ಷ ಬಿಟ್ಟು ಅವ್ವ ಕೇಳಿದಾಗ ಬುರುಡೆ ಇಳಿಸಿ ನೋಡಿದ್ರೆ ಹುಳ ಹಿಡಿದು ಪುಡಿಯಾಗಿತ್ತು. ಅವ್ವ ಏನೂ ಬೈಲಿಲ್ಲ. ಬುರುಡೆ ತೊಳೆದು ಬಿಸಿಲಿಗಿಟ್ಟಳು, ಅಷ್ಟೆ. ಆ ಬದನೆ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ.

ನಿಮ್ಮ ಮನೆ ಅಟ್ಟದಲ್ಲಿ, ಅಜ್ಜಿಯ ಗಂಟಿನಲ್ಲಿ ಹಳೇ ಬದನೆ, ಅವರೆ, ಟೊಮೆಟೊ ಬೀಜ ಏನಾದ್ರೂ ಇದ್ರೆ ಈ ಮುಂಗಾರಿಗೆ ಒಂದು ಮಡಿ ಹಾಕಿ, ಬೀಜ ಹಿಡೀರಿ. ಒಂದು ಹಿಡಿ ನನಗೂ ಕೊಡಿ. ಬುರುಡೆ ಇನ್ನೂ ಇದೆ.