ಸೋದರಮಾವ: ಈ ಪದದಲ್ಲಿ ಅಮ್ಮ ಎಲ್ಲಿದ್ದಾಳೆ?

ಡ್ಯಾನಿಶ್ ಭಾಷೆಯಲ್ಲಿ ಸೋದರಮಾವನಿಗೆ 'ಮೊರ್‌ಬ್ರೋರ್' ಅಂತಾರೆ. ಮೊರ್ ಅಂದ್ರೆ ಅಮ್ಮ, ಬ್ರೋರ್ ಅಂದ್ರೆ ಅಣ್ಣ ಅಥವಾ ತಮ್ಮ. ಕೇಳಿದ ಕೂಡಲೇ ಗೊತ್ತಾಗ್ತದೆ. ನಮ್ಮ ಪದ ಅಷ್ಟು ಸುಲಭ ಅಲ್ಲ ಮಾರ್ರೆ.

ಮಾವ ಅಂದ್ರೆ ಹೆಂಡತಿಯ ಅಪ್ಪನೂ ಹೌದು, ಗಂಡನ ಅಪ್ಪನೂ ಹೌದು. ಹಾಗಾಗಿ ಮುಂದೆ ಸಂಸ್ಕೃತದ 'ಸೋದರ' ಬೇಕಾಯ್ತು: ಸ + ಉದರ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವ. ಯಾರ ಜೊತೆ ಹುಟ್ಟಿದ್ದು ಅಂತ ಪದ ಹೇಳೋದಿಲ್ಲ. 'ಸೋದರತ್ತೆ'ಯಲ್ಲಿ ಅದೇ ಸೋದರ ಅಪ್ಪನ ಕಡೆ ತಿರುಗ್ತದೆ!

ತುಳುವಿನಲ್ಲಿ ಇವರು 'ತಮ್ಮಲೆ'. ಅಳಿಯಕಟ್ಟಿನ ಕುಟುಂಬಗಳಲ್ಲಿ ವಂಶ ನಡೀತಿದ್ದದ್ದು ಅಮ್ಮನ ಕಡೆಯಿಂದ. ಅಧಿಕಾರ ಮಾವನಿಂದ ಅಳಿಯನಿಗೆ. ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರರಸ ಹಿಂದಿನ ಅರಸನ ಮಗ ಅಲ್ಲ, ಅವನ ಸೋದರಿ ಗುಮ್ಮಟಾಂಬೆಯ ಮಗ.

ಹಾಗಾದ್ರೆ ಅರಸನ ಸ್ವಂತ ಮಕ್ಕಳು? ಅವರು ಅವರಮ್ಮನ ಕುಟುಂಬದವರು. ಜನಸಾಮಾನ್ಯರ ಮನೆಗಳಲ್ಲೂ ಅಪ್ಪನ ಕುಟುಂಬದ ಆಸ್ತಿ ಮಕ್ಕಳಿಗೆ ಬರ್ತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ದಾರಿ ತೆರೀತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ತೀರಿಹೋದವನ ಪಾಲು ಹೆಂಡತಿ ಮಕ್ಕಳಿಗೂ ಬಂತು.

ಮದುವೆ ಮಾತುಕತೆಯಲ್ಲಿ ಹಿರಿಯರು 'ಬರಿ ಯಾವುದು' ಅಂತ ಕೇಳ್ತಾರಲ್ಲ, ಅದು ಮಾತ್ರ ಇವತ್ತಿಗೂ ಅಮ್ಮನದ್ದೇ.